ಒಂದಂಕದ ಸೋಲು

— ಮಾವ, ನಮ್ಮೂರ ಕಾಲೇಜಿನ ಹುಡುಗಿಯರು ಬ್ಯಾಸ್ಕೆಟ್‌ಬಾಲಲ್ಲಿ ಸೋತರಂತೆ ಅಲ್ವಾ? ಒಂದೇ ಅಂಕದಲ್ಲಿ. ಕೊನೇಲಿ ಆ ಏಳನೇ ನಂಬರಿನ ಹುಡುಗಿ ರಿಂಗ್ ಕೆಳಗಡೆವರೆಗೂ ಹೋಗಿ ಚೆಂಡು ಹಾಕೋಕಾಗ್ಲಿಲ್ಲವಂತೆ. ಬಸ್‌ಸ್ಟ್ಯಾಂಡಲ್ಲಿ ಇಳಿಯೋ ಹೊತ್ತಿಗೇ ಯಾರೋ ಹೇಳಿದರು.

— ಸೋತರು. ಒಂದೇ ಅಂಕ. ಅಷ್ಟೂ ನಿಜ. ಆದರೆ ನಿನಗೆ ಹೇಳಿದವರು ಯಾರೂ ಅಲ್ಲಿಗೆ ಬಂದಿರಲಿಲ್ಲ ಕಣಮ್ಮ. ನಮ್ಮ ಕಡೆಯಿಂದ ಇದ್ದವರು ಆಡೋ ಹುಡುಗಿಯರು, ಅವರ ಪಿ.ಟಿ. ಮೇಡಂ, ಟೆಂಪೋ ಓಡಿಸೋ ಹುಡುಗ, ಆಮೇಲೆ ನಾನು. ದೇವನಹಳ್ಳಿ, ವಿಜಯಪುರ, ಎಚ್. ಕ್ರಾಸ್, ವೇಮಗಲ್ ದಾಟಿ ಕೋಲಾರದ ಕಡೆ ಹೋಗಿ ಆಡಿಬಂದ ಆಟ ಅದು. ಇಡೀ ದೊಡ್ಡಬಳ್ಳಾಪುರಕ್ಕೆ ಗೊತ್ತಿರೋದು ಕೊನೇ ಒಂದು ಚೆಂಡು. ಹತ್ತತ್ತು ನಿಮಿಷದ ನಾಲ್ಕು ಕ್ವಾರ್ಟರ್ ಆಡಿದ್ದಾರೆ ಆ ಮಕ್ಕಳು. ಅದನ್ನ ಕೇಳೋರೇ ಇಲ್ಲ.

— ನಾನು ಕೇಳ್ತೀನಿ ಹೇಳಿ. ಸ್ಕೂಲಲ್ಲಿ ಥ್ರೋಬಾಲ್ ಆಡಿದ್ದು ಬಿಟ್ಟರೆ ನನಗೆ ಆಟ ಅಷ್ಟಕ್ಕಷ್ಟೆ. ನಿಧಾನಕ್ಕೆ ಹೇಳಬೇಕು.

— ಮೊದಲು ಜಾಗ ಹೇಳ್ತೀನಿ, ಅದು ಗೊತ್ತಾಗದೆ ಆಟ ಗೊತ್ತಾಗಲ್ಲ. ನಮ್ಮ ಹುಡುಗಿಯರು ಪ್ರಾಕ್ಟೀಸ್ ಮಾಡೋದು ಬಯಲಲ್ಲಿ, ಸಿಮೆಂಟ್ ನೆಲದ ಮೇಲೆ. ಬೋರ್ಡು ಕಬ್ಬಿಣದ ಶೀಟು, ಅದರ ಮೇಲೆ ಬಣ್ಣ. ಚೆಂಡು ಅದಕ್ಕೆ ಬಡಿದರೆ ಧಡ್ ಅಂತ ಶಬ್ದ ಮಾಡಿ, ಅರ್ಧ ಶಕ್ತಿ ಅಲ್ಲೇ ಬಿಟ್ಟು ಕೆಳಗೆ ಬೀಳುತ್ತೆ. ಅಲ್ಲಿ ಹೋದರೆ ಒಳಾಂಗಣ. ಮರದ ನೆಲ, ಗಾಜಿನ ಬೋರ್ಡು. ಗಾಜಿಗೆ ತಾಗಿದ ಚೆಂಡು ಚುರುಕಾಗಿ ವಾಪಸ್ ಬರುತ್ತೆ. ರಿಂಗ್ ಎತ್ತರ ಎರಡೂ ಕಡೆ 3.05 ಮೀಟರೇ, ರಿಂಗಿನ ಅಗಲ 45 ಸೆಂಟಿಮೀಟರೇ, ಚೆಂಡು ಹೆಂಗಸರ ಸೈಜ್ 6. ಎಲ್ಲ ಒಂದೇ ಅಳತೆ. ಆದರೂ ಕೈಗೆ ಅದು ಬೇರೆ ಆಟ. ಬೋರ್ಡಿಗೆ ಎಷ್ಟು ಮೆತ್ತಗೆ ತಾಗಿಸಬೇಕು ಅನ್ನೋದು ತಲೆಯಲ್ಲಿ ಇರಲ್ಲ, ಮಣಿಕಟ್ಟಲ್ಲಿ ಇರುತ್ತೆ. ವರ್ಷಗಟ್ಟಲೆ ಶೀಟಿನ ಬೋರ್ಡಿಗೆ ಹೊಂದಿಕೊಂಡ ಮಣಿಕಟ್ಟು ಆಟಕ್ಕೆ ಮುಂಚಿನ ಹತ್ತು ನಿಮಿಷದ ವಾರ್ಮಪ್‌ನಲ್ಲಿ ಬದಲಾಗುತ್ತಾ?

— ಹಾಗಾದರೆ ಸೋಲು ಅಲ್ಲೇ ಬರೆದಿತ್ತು ಅಂತೀರಾ?

— ಇಲ್ಲಮ್ಮ, ಅದನ್ನೇ ಹೇಳೋಕೆ ಹೊರಟಿರೋದು. ಮೊದಲ ಕ್ವಾರ್ಟರಲ್ಲಿ, ಓಡಿ ಬಂದು ಬೋರ್ಡಿಗೆ ತಾಗಿಸಿ ಹಾಕೋ ನಮ್ಮ ಲೇ-ಅಪ್‌ಗಳೆಲ್ಲ ಗಾಜಿಗೆ ಬಡಿದು ರಿಂಗ್ ದಾಟಿ ಆಚೆ ಹೋಗ್ತಾ ಇದ್ದವು. ಅವರ ಹುಡುಗರು ಗ್ಯಾಲರಿಯಲ್ಲಿ ಕೂತು ಒಂದೊಂದಕ್ಕೂ ಕೂಗ್ತಾ ಇದ್ದರು. ನಮ್ಮ ಮೇಡಂ ಟೈಮ್‌ಔಟ್ ತಗೊಂಡು ಒಂದೇ ಮಾತು ಹೇಳಿದರು, ಬೋರ್ಡ್ ಮರೆತುಬಿಡಿ, ರಿಂಗ್ ನೋಡಿ ಹಾಕಿ ಅಂತ. ಎರಡನೇ ಕ್ವಾರ್ಟರ್ ಮುಗಿಯೋ ಹೊತ್ತಿಗೆ ಅಂತರ ಎರಡು ಬುಟ್ಟಿಗೆ ಬಂತು. ಚಿಕ್ಕ ಊರಿನ ಮಕ್ಕಳು ಗೊತ್ತಿಲ್ಲದ ಬೋರ್ಡಿನ ಮುಂದೆ ಅರ್ಧ ಗಂಟೆಯಲ್ಲಿ ಕೈ ಬದಲಾಯಿಸಿಕೊಂಡರು. ನಾನು ಬ್ಯಾಸ್ಕೆಟ್‌ಬಾಲ್ ನೋಡ್ತಾ ವಯಸ್ಸು ಕಳೆದವನು. ಇದು ಸಣ್ಣ ವಿಷಯ ಅಲ್ಲ ಅಂತ ನನಗೆ ಗೊತ್ತು.

— ಆಮೇಲೆ?

— ಆಮೇಲೆ ಮೂರನೇ ಕ್ವಾರ್ಟರ್. ಅದನ್ನ ನೀನು ನೋಡಬೇಕಿತ್ತು. ಅವರಲ್ಲಿ ಒಬ್ಬಳು ಎತ್ತರದ ಸೆಂಟರ್ ಇದ್ದಳು, ನಮ್ಮಲ್ಲಿ ಯಾರೂ ಅವಳ ಭುಜಕ್ಕಿಂತ ಮೇಲಿಲ್ಲ. ಮೊದಲರ್ಧದಲ್ಲಿ ಒಬ್ಬರಿಗೆ ಒಬ್ಬರಂತೆ ಕಾಯೋ ಮ್ಯಾನ್ ಟು ಮ್ಯಾನ್ ಆಡಿ ಅವಳನ್ನ ತಡೆಯೋಕಾಗಿರಲಿಲ್ಲ. ಮೇಡಂ ಜಾಗ ಹಂಚಿಕೊಂಡು ಕಾಯೋ ಝೋನ್‌ಗೆ ಬದಲಾಯಿಸಿದರು, ಮುಂದೆ ಇಬ್ಬರು, ಹಿಂದೆ ಮೂವರು. ಹಿಂದಿನ ಮೂವರಲ್ಲಿ ನಡುವೆ ನಿಂತವಳು ಆ ಏಳನೇ ನಂಬರಿನ ಹುಡುಗಿ. ಅವಳ ಕೆಲಸ ಒಂದೇ. ಶಾಟ್ ಹೊರಟ ಕ್ಷಣಕ್ಕೆ ಆ ಎತ್ತರದವಳಿಗೆ ಬೆನ್ನು ಕೊಟ್ಟು, ಸೊಂಟ ತಗ್ಗಿಸಿ, ರಿಂಗ್ ಹತ್ರ ಬಿಡದಂತೆ ತಡೆದು ನಿಲ್ಲೋದು. ಬಾಕ್ಸ್‌ಔಟ್ ಅಂತಾರೆ. ಚೆಂಡು ಅವಳಿಗೆ ಸಿಗಲಿಲ್ಲ, ಅವಳು ತಡೆದಿದ್ದರಿಂದ ಪಕ್ಕದವರಿಗೆ ಸಿಕ್ಕಿತು. ಹಾಗೇ ಇನ್ನೊಂದು ಮಾಡಿದಳು. ಓಡಿ ಬರ್ತಾ ಇದ್ದ ಅವರ ಗಾರ್ಡ್‌ಗೆ ಎದುರಾಗಿ ಮೊದಲೇ ಹೋಗಿ ಕಾಲು ಊರಿ ನಿಂತು, ಎದೆಗೆ ಡಿಕ್ಕಿ ಹೊಡೆಸಿಕೊಂಡು ಬಿದ್ದಳು. ಚಾರ್ಜಿಂಗ್ ಫೌಲ್, ಚೆಂಡು ನಮಗೆ. ಎದ್ದು ಅಂಗೈ ನೋಡಿಕೊಂಡಳು, ಚರ್ಮ ಸುಲಿದಿತ್ತು, ಮತ್ತೆ ಜಾಗಕ್ಕೆ ಹೋಗಿ ನಿಂತಳು. ಆ ಕ್ವಾರ್ಟರಲ್ಲಿ ನಾವು ಮುಂದೆ ಬಂದೆವು. ಗ್ಯಾಲರಿ ತಣ್ಣಗಾಯಿತು.

— ಅದನ್ನ ಎಲ್ಲಾದರೂ ಬರೆದಿರ್ತಾರಲ್ವಾ? ಸ್ಕೋರ್ ಶೀಟಲ್ಲಿ?

— ಅಲ್ಲೇ ಇರೋದು ಕಷ್ಟ. ಟೇಬಲ್ ಮೇಲೆ ಬರೆಯೋ ಅಧಿಕೃತ ಸ್ಕೋರ್ ಶೀಟಲ್ಲಿ ಇರೋದು ಯಾರು ಎಷ್ಟು ಹಾಕಿದರು, ಯಾರಿಗೆ ಎಷ್ಟು ಫೌಲ್, ಯಾವಾಗ ಟೈಮ್‌ಔಟ್ ಅಷ್ಟೇ. ರಿಬೌಂಡ್ ಇಲ್ಲ, ಪಾಸ್ ಕೊಟ್ಟವರ ಲೆಕ್ಕ ಇಲ್ಲ, ಚೆಂಡು ಕಿತ್ತುಕೊಂಡವರ ಲೆಕ್ಕ ಇಲ್ಲ. ಅದಕ್ಕೆಲ್ಲ ಬೇರೆ ಜನ ಬೇಕು, ದೊಡ್ಡ ಟೂರ್ನಮೆಂಟಲ್ಲಿ ಮಾತ್ರ ಇಡ್ತಾರೆ. ಎದೆಗೆ ಡಿಕ್ಕಿ ಹೊಡೆಸಿಕೊಂಡು ಚೆಂಡು ಗೆದ್ದುಕೊಟ್ಟಳಲ್ಲ, ಶೀಟಲ್ಲಿ ಅದು ಆ ಕಡೆಯ ಹುಡುಗಿಯ ಫೌಲ್ ಅಂತ ಮಾತ್ರ ಇದೆ. ನಮ್ಮವಳ ಹೆಸರು ಆ ಜಾಗದಲ್ಲಿ ಇಲ್ಲವೇ ಇಲ್ಲ. ಅವಳ ಇಡೀ ಮೂರನೇ ಕ್ವಾರ್ಟರ್ ಯಾವ ಕಾಗದದಲ್ಲೂ ಇಲ್ಲ. ನೋಡಿದವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

— ಮತ್ತೆ ಕೈ ತಪ್ಪಿದ್ದು ಎಲ್ಲಿ?

— ನಾಲ್ಕನೇ ಕ್ವಾರ್ಟರಲ್ಲಿ ನಮ್ಮ ಮುಖ್ಯ ಗಾರ್ಡ್‌ಗೆ ಐದನೇ ಫೌಲ್ ಆಯಿತು. ಐದಾದರೆ ಆಚೆ ಕೂರಬೇಕು. ಚೆಂಡು ಮೇಲೆ ತರೋಳು ಅವಳೇ, ಅವಳ ಬದಲು ಬಂದ ಮೊದಲ ವರ್ಷದ ಹುಡುಗಿಗೆ ಎಂಟು ಸೆಕೆಂಡಲ್ಲಿ ಅರ್ಧ ಕೋರ್ಟ್ ದಾಟೋದೇ ಕಷ್ಟವಾಯಿತು, ಅವರು ಅಷ್ಟು ಮೇಲೆ ಬಿದ್ದರು. ಆ ಹೊತ್ತಿಗೆ ನಮ್ಮ ತಂಡದ ಫೌಲೂ ಮೀರಿತ್ತು. ಒಂದು ಕ್ವಾರ್ಟರಲ್ಲಿ ಐದನೇ ತಂಡದ ಫೌಲಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಅವರು ಒಂದೊಂದೇ ಅಂಕ ಕೂಡಿಸಿಕೊಂಡು ಬಂದರು, ಕೊನೇ ನಿಮಿಷದಲ್ಲಿ ಒಂದು ಅಂಕ ಮುಂದೆ ಹೋದರು. ಸುಮಾರು ಒಂಬತ್ತು ಸೆಕೆಂಡ್ ಉಳಿದಿತ್ತು. ಮೇಡಂ ಟೈಮ್‌ಔಟ್ ತಗೊಂಡರು. ಕೊನೇ ಎರಡು ನಿಮಿಷದಲ್ಲಿ ಟೈಮ್‌ಔಟ್ ತಗೊಂಡರೆ ಚೆಂಡನ್ನ ಎದುರಾಳಿಯ ಅರ್ಧದಿಂದಲೇ ಒಳಗೆ ಹಾಕಬಹುದು, ಅದೊಂದು ಅನುಕೂಲ. ಚೆಂಡು ಏಳನೇ ನಂಬರಿಗೆ ಬಂತು. ಎಡಗಡೆಯಿಂದ ನುಗ್ಗಿದಳು, ಇಬ್ಬರನ್ನ ದಾಟಿದಳು, ಬೋರ್ಡಿಗೆ ಹಾಕಿದಳು. ಚೆಂಡು ಗಾಜಿಗೆ ತಾಗಿ, ರಿಂಗ್ ಮೇಲೆ ಸುತ್ತಿ, ಆಚೆಗೆ ಬಿತ್ತು.

— ಯಾರೂ ತಳ್ಳಲಿಲ್ವಾ? ಅವರ ಊರಿನ ರೆಫರಿ ಅಂತಾನೂ ಹೇಳಿದರು.

— ಮೈಗೆ ಮೈ ತಾಗಿತು. ಶಿಳ್ಳೆ ಊದಬಹುದಿತ್ತು, ಊದಲಿಲ್ಲ. ನಾನು ಕೂತಿದ್ದು ಕೋರ್ಟಿನ ಆ ತುದಿಯಲ್ಲಿ, ಅಲ್ಲಿಂದ ಆಣೆ ಮಾಡಿ ಹೇಳೋಕಾಗಲ್ಲ. ಮೂರನೇ ಕ್ವಾರ್ಟರಲ್ಲಿ ನಮ್ಮವಳೊಬ್ಬಳು ರಿಂಗ್ ಕೆಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಂತಿದ್ದಳು, ಅದಕ್ಕೂ ಊದಲಿಲ್ಲ. ಅದನ್ನ ಬಿಟ್ಟು ಇದನ್ನ ಮಾತ್ರ ಹಿಡಿದುಕೊಂಡು ಕೂತರೆ ನಾನು ಹೇಳಿದ್ದನ್ನ ಯಾರು ನಂಬ್ತಾರೆ? ಅದಕ್ಕಿಂತ ದೊಡ್ಡ ಸಂಗತಿ ಇದೆ. ಎರಡನೇ ಕ್ವಾರ್ಟರಲ್ಲಿ ನಮ್ಮವರು ಫ್ರೀ ಥ್ರೋ ಮೇಲೆ ಫ್ರೀ ಥ್ರೋ ಕಳೆದರು. ಅಡ್ಡ ಯಾರೂ ಇಲ್ಲ, ಬೋರ್ಡಿಂದ 4.6 ಮೀಟರ್ ದೂರದ ಗೆರೆ, ಐದು ಸೆಕೆಂಡ್ ಸಮಯ. ಅದರಲ್ಲಿ ಒಂದು ಬಿದ್ದಿದ್ದರೆ ಆಟ ಓವರ್‌ಟೈಮಿಗೆ ಹೋಗ್ತಿತ್ತು, ಎರಡು ಬಿದ್ದಿದ್ದರೆ ಗೆಲುವೇ. ಆದರೆ ಎರಡನೇ ಕ್ವಾರ್ಟರಿನ ಫ್ರೀ ಥ್ರೋ ಯಾರಿಗೂ ನೆನಪಿರಲ್ಲ.

— ಅದು ಕೂಗಾಟಕ್ಕೆ ಆಗಿರಬಹುದು. ಹೊರಗಿನ ಊರು, ಎಲ್ಲರೂ ಅರಚ್ತಾ ಇರ್ತಾರೆ.

— ನೀನು ಸ್ಟ್ಯಾಟಿಸ್ಟಿಕ್ಸ್ ಓದ್ತಾ ಇರೋಳು, ನೀನೇ ಹೇಳು.

— ಒಂದು ಪುಸ್ತಕ ಇದೆ ಮಾವ, ‘ಸ್ಕೋರ್‌ಕಾಸ್ಟಿಂಗ್’ ಅಂತ, 2011ರಲ್ಲಿ ಬಂದಿದ್ದು. ಟೋಬಿಯಾಸ್ ಮಾಸ್ಕೊವಿಟ್ಜ್ ಅನ್ನೋ ಅರ್ಥಶಾಸ್ತ್ರಜ್ಞರು, ಜಾನ್ ವರ್ತೈಮ್ ಅನ್ನೋ ಕ್ರೀಡಾ ಪತ್ರಕರ್ತರು ಸೇರಿ ಬರೆದಿದ್ದು. ಅಮೆರಿಕದ ಎನ್‌ಬಿಎ ಆಟಗಳ ವರ್ಷಾನುಗಟ್ಟಲೆ ಲೆಕ್ಕ ತೆಗೆದು ನೋಡಿದ್ದಾರೆ. ಫ್ರೀ ಥ್ರೋ ಹಾಕೋವಾಗ ಬುಟ್ಟಿ ಹಿಂದೆ ಜನ ಕೂಗಿ, ಕೈಬೀಸಿ, ಏನೇನು ಮಾಡಿದರೂ ಮನೆಯ ತಂಡ ಹಾಕೋ ಪ್ರಮಾಣಕ್ಕೂ ಹೊರಗಿನಿಂದ ಬಂದ ತಂಡ ಹಾಕೋ ಪ್ರಮಾಣಕ್ಕೂ ವ್ಯತ್ಯಾಸವೇ ಇಲ್ಲ. ಮನೆಯ ತಂಡ ಹೆಚ್ಚು ಗೆಲ್ಲೋದಕ್ಕೆ ಮುಖ್ಯ ಕಾರಣ ರೆಫರಿಗಳು, ಬೇಕಂತ ಅಲ್ಲ, ಜನರ ಕೂಗಿನ ಮಧ್ಯೆ ಅನುಮಾನದ ತೀರ್ಪು ಗೊತ್ತಿಲ್ಲದೇ ಮನೆಯವರ ಕಡೆ ವಾಲುತ್ತೆ ಅಂತಾರೆ.

— ನೋಡು, ಅದು ಎನ್‌ಬಿಎಗೆ ಸರಿ. ಯಾಕೆ ಗೊತ್ತಾ? ಅಲ್ಲಿ ಎಲ್ಲ ಊರಿನಲ್ಲೂ ಒಂದೇ ಗಾಜಿನ ಬೋರ್ಡು, ಒಂದೇ ಥರದ ಮರದ ನೆಲ, ಒಂದೇ ಕಂಪನಿ ಚೆಂಡು. ಆಟಗಾರ ಪ್ರಾಕ್ಟೀಸ್ ಮಾಡೋದೂ ಅದರ ಮೇಲೇ. ಅವನಿಗೆ ಹೊರಗಿನ ಊರು ಅಂದರೆ ಜನ ಮಾತ್ರ ಬದಲು. ನಮ್ಮ ಮಕ್ಕಳಿಗೆ ಜನ ಬದಲಾಗೋದು ಇರಲಿ, ಬೋರ್ಡೇ ಬದಲು, ನೆಲವೇ ಬದಲು, ಮೇಲೆ ಬೆಳಕು ಬೇರೆ. ಬಯಲಲ್ಲಿ ಆಡಿದವರಿಗೆ ರಿಂಗ್ ಹಿಂದೆ ಬಣ್ಣದ ಶೀಟು, ಸುತ್ತ ಆಕಾಶ ಇರುತ್ತೆ. ಅಲ್ಲಿ ಗಾಜಿನ ಬೋರ್ಡಿನ ಹಿಂದೆ ಕಾಣೋದು ಗ್ಯಾಲರಿ. ದೂರ ಅಳೆಯೋ ಕಣ್ಣಿಗೇ ಗೊಂದಲ.

— ಇದು ಪುಸ್ತಕದಲ್ಲಿಲ್ಲ. ಇದನ್ನ ಲೆಕ್ಕ ಹಾಕಬಹುದು ಮಾವ. ಬಯಲು ಕೋರ್ಟಿನ ತಂಡಗಳು ಒಳಾಂಗಣಕ್ಕೆ ಹೋದಾಗ ಮೊದಲ ಕ್ವಾರ್ಟರಲ್ಲಿ ಎಷ್ಟು ಹಾಕ್ತಾರೆ, ಕೊನೇ ಕ್ವಾರ್ಟರಲ್ಲಿ ಎಷ್ಟು ಹಾಕ್ತಾರೆ ಅಂತ.

— ಹಾಕು. ಯಾರೂ ಹಾಕಿರೋದನ್ನ ನಾನು ಕಂಡಿಲ್ಲ. ನಮ್ಮ ಜಿಲ್ಲೆ ನೋಡು. ದೇವನಹಳ್ಳಿಯಲ್ಲಿ 2008ರಿಂದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ದಾಬಸ್‌ಪೇಟೆಯಿಂದ ಹೊಸಕೋಟೆವರೆಗೆ ದೊಡ್ಡ ವರ್ತುಲ ರಸ್ತೆ, ಎಲ್ಲ ಬಂತು. ಒಂದು ಕಾಲೇಜಿನ ಹೆಣ್ಣುಮಕ್ಕಳಿಗೆ ಮಳೆಯಲ್ಲೂ ಆಡೋಕಾಗೋ ಒಂದು ಕೋರ್ಟು, ಒಂದು ಗಾಜಿನ ಬೋರ್ಡು ಕೇಳಿದರೆ ಅದೇನು ಮಹಾ ಆಸೆಯಾ? ಇದನ್ನ ನಾನು ಸೋಲಿಗೆ ನೆಪವಾಗಿ ಹೇಳ್ತಿಲ್ಲ. ಸೋಲಿನಲ್ಲಿ ಎಷ್ಟು ಪಾಲು ನಮ್ಮ ಕೈಯದು, ಎಷ್ಟು ಪಾಲು ಬೋರ್ಡಿನದು ಅಂತ ಬಿಡಿಸಿ ಹೇಳಬೇಕು ಅಂತೀನಿ. ಫ್ರೀ ಥ್ರೋಗೆ ಬೋರ್ಡ್ ಬೇಕಾಗೇ ಇಲ್ಲ, ಅದರಲ್ಲಿ ಬಹುಪಾಲು ನಮ್ಮದೇ ಕೈ. ಲೇ-ಅಪ್ ಅಲ್ಲ.

— ಒಂದು ಕೇಳ್ಲಾ? ಸೋತಿದ್ದಾರೆ, ಮುಗೀತು. ಇಷ್ಟು ಬಿಡಿಸೋದು ಯಾಕೆ? ಗೆದ್ದಿದ್ದರೆ ಹೀಗೆ ಕೂತು ಲೆಕ್ಕ ಹಾಕ್ತಿದ್ರಾ?

— ಗೆದ್ದಿದ್ದರೆ ಬೇಕಾಗ್ತಿರಲಿಲ್ಲ. ಗೆದ್ದವರ ಆಟ ತಾನೇ ಉಳಿಯುತ್ತೆ. ಸೋತವರದ್ದು, ಅದರಲ್ಲೂ ಹತ್ತಿರ ಬಂದು ಸೋತವರದ್ದು, ಕೊನೇ ತುಣುಕು ಮಾತ್ರ ಉಳಿಯುತ್ತೆ. ನೀನು ಹುಟ್ಟೋಕೆ ಎಷ್ಟೋ ಮುಂಚೆ ನಡೆದಿದ್ದು ಹೇಳ್ತೀನಿ. 1982, ದಿಲ್ಲಿಯ ಫಿರೋಜ್ ಷಾ ಕೋಟ್ಲಾ, ರಣಜಿ ಫೈನಲ್. ನಾನು ಆಗ ಸ್ಕೂಲು ಹುಡುಗ. ಕರ್ನಾಟಕ ಮೊದಲ ಇನಿಂಗ್ಸಲ್ಲಿ 705 ಹೊಡೆಯಿತು. ರೋಜರ್ ಬಿನ್ನಿ, ಬ್ರಿಜೇಶ್ ಪಟೇಲ್, ಕಿರ್ಮಾನಿ, ಖಾನ್ವಿಲ್ಕರ್, ನಾಲ್ಕು ಜನ ಶತಕ. ಅಪ್ಪನ ಅಂಗಡಿಗೆ ಬಂದವರೆಲ್ಲ ಕಪ್ ನಮ್ಮದೇ ಅಂದುಕೊಂಡಿದ್ದರು. ಮೊದಲ ಇನಿಂಗ್ಸ್ ಮುನ್ನಡೆ ಸಿಕ್ಕವರಿಗೆ ಕಪ್, ಆ ಥರದ ಆಟ. ದಿಲ್ಲಿ 589ಕ್ಕೆ ಎಂಟು ವಿಕೆಟ್ ಕಳೆದುಕೊಂಡಿತು. ಇನ್ನೂ 117 ಬೇಕು, ಉಳಿದಿರೋದು ಬೌಲರ್‌ಗಳು. ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಇಬ್ಬರೇ ನಿಂತು ಒಂಬತ್ತನೇ ವಿಕೆಟ್‌ಗೆ 118 ಹೊಡೆದುಬಿಟ್ಟರು. 707ಕ್ಕೆ 8.

— ಅಯ್ಯೋ! 705 ಹೊಡೆದು ಸೋಲೋದಾ?

— ನೋಡು, ನೀನೂ ಅದನ್ನೇ ಅಂದೆ. ಅವತ್ತಿಂದ ಇವತ್ತಿನವರೆಗೆ ಆ ಆಟ ಅಂದರೆ ಶುಕ್ಲಾ, ಪೀಟರ್, ಅಷ್ಟೇ. ಅವರ ಆಟ ದೊಡ್ಡದು, ಅದನ್ನ ಯಾರು ಇಲ್ಲ ಅಂತಾರೆ. ಮೊಹಿಂದರ್ ಅಮರ್‌ನಾಥ್ 185 ಹೊಡೆದು, ಗುರುಶರಣ್ ಸಿಂಗ್ ಶತಕ ಹೊಡೆದು ದಿಲ್ಲಿಯನ್ನ ಅಲ್ಲಿಗೆ ತಂದಿದ್ದರಿಂದ ತಾನೇ ಅವರಿಬ್ಬರಿಗೆ ಗೆಲ್ಲಿಸೋ ಅವಕಾಶ ಸಿಕ್ಕಿದ್ದು? ಅದನ್ನ ಹೇಳೋರು ಕಮ್ಮಿ. ಎದುರಾಳಿಯ ನೆಲದಲ್ಲಿ, ಫೈನಲಲ್ಲಿ, ನಾಲ್ಕು ಜನ ಶತಕ ಹೊಡೆದು 705 ಕಟ್ಟಿದ್ದನ್ನ ನಮ್ಮವರೇ ಬಾಯಿಬಿಟ್ಟು ಹೊಗಳಲ್ಲ, ಮುಜುಗರದ ವಿಷಯದ ಥರ ಹೇಳ್ತಾರೆ. ನನಗೆ ಇವತ್ತಿಗೂ ಅದು ಸಹಿಸೋಕಾಗಲ್ಲ. ಮರುವರ್ಷವೇ ಬ್ರಿಜೇಶ್ ಪಟೇಲ್ ನಾಯಕತ್ವದಲ್ಲಿ ಮುಂಬೈಗೆ ಹೋಗಿ, ವಾಂಖೆಡೆಯಲ್ಲೇ ಮುಂಬೈ ಮೇಲೆ ಮೊದಲ ಇನಿಂಗ್ಸ್ ಮುನ್ನಡೆ ತಗೊಂಡು ಕಪ್ ತಂದರು. ಅದೇ ಗುಂಪು.

— ಮನೆಯಲ್ಲೂ ಸೋತಿದ್ದೀವಲ್ಲ ಮಾವ. ಮೈಸೂರಿನ ಆಟ ನನಗೆ ನೆನಪಿದೆ.

— 2010ರ ಜನವರಿ, ಗಂಗೋತ್ರಿ ಮೈದಾನ. ಮುಂಬೈ ಕೊಟ್ಟ ಗುರಿ 338. ಮನೀಶ್ ಪಾಂಡೆ 144 ಹೊಡೆದ, ಕೊನೆಗೆ 331ಕ್ಕೆ ಆಲೌಟು, 6 ರನ್ ಸೋಲು. ಊರೇ ಬಂದು ಮೈದಾನದ ಸುತ್ತ ನಿಂತಿತ್ತು. ಮನೆಯ ಜನ ಇದ್ದ ಮಾತ್ರಕ್ಕೆ ಗೆಲ್ಲಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸು. ಆ ಸೋಲು ಪೂರ್ತಿಯಾಗಿ ನೆನಪಿದೆ. ಪಾಂಡೆ ಆಟ ಹೇಗಿತ್ತು ಅಂತ ಮೈಸೂರಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ, ನೋಡಿದವರು ಸಾವಿರಾರು ಜನ ಅಲ್ಲೇ ಇದ್ದಾರೆ. ಹೊರಗಿನ ಸೋಲಿಗೆ ಆ ಭಾಗ್ಯ ಇಲ್ಲ.

— ಬ್ಯಾಸ್ಕೆಟ್‌ಬಾಲಲ್ಲಿ ಹಂಗೆ ಯಾವುದಾದರೂ ಇದೆಯಾ?

— 1972ರ ಮ್ಯೂನಿಕ್ ಒಲಿಂಪಿಕ್ ಫೈನಲ್. ಅಮೆರಿಕ ಅಲ್ಲಿಯವರೆಗೆ ಒಲಿಂಪಿಕ್ ಬ್ಯಾಸ್ಕೆಟ್‌ಬಾಲಲ್ಲಿ ಒಂದೂ ಆಟ ಸೋತಿರಲಿಲ್ಲ, ತಂಡದ ತುಂಬ ಕಾಲೇಜು ಹುಡುಗರು. ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋ ಹಾಕಿ 50-49 ಮಾಡಿದ, ಮೂರು ಸೆಕೆಂಡ್ ಉಳಿದಿತ್ತು. ಆ ಮೂರು ಸೆಕೆಂಡನ್ನ ಮತ್ತೆ ಮತ್ತೆ ಆಡಿಸಿದರು. ಕೊನೆಗೆ ಸೋವಿಯತ್ ತಂಡದ ಅಲೆಕ್ಸಾಂಡರ್ ಬೆಲೋವ್ ಹಾಕಿ 51-50. ಅಮೆರಿಕದ ಆಟಗಾರರು ಬೆಳ್ಳಿ ಪದಕ ತಗೊಳ್ಳಲೇ ಇಲ್ಲ, ಇವತ್ತಿಗೂ ತಗೊಂಡಿಲ್ಲ. ಅನ್ಯಾಯ ಆಯಿತು ಅನ್ನೋದಕ್ಕೆ ಅವರ ಹತ್ರ ಕಾರಣ ಇದೆ, ನಾನು ಅಲ್ಲಗಳೆಯಲ್ಲ. ಆದರೆ ಆ ಆಟದ ಬಹುಪಾಲು ಹೊತ್ತು ಸೋವಿಯತ್ ತಂಡವೇ ಮುಂದಿತ್ತು. ಮೂರು ಸೆಕೆಂಡಿನ ಜಗಳದಲ್ಲಿ ಅದು ಮುಚ್ಚಿಹೋಯಿತು, ಸೋಲುತ್ತಿದ್ದ ಅಮೆರಿಕದ ಹುಡುಗರು ಹೇಗೆ ಹಿಂದೆ ಬಂದರು ಅನ್ನೋದೂ ಮುಚ್ಚಿಹೋಯಿತು.

— ನೀವು ಕಣ್ಣಾರೆ ನೋಡಿದ್ದು?

— ಕಂಠೀರವ ಒಳಾಂಗಣ ಕ್ರೀಡಾಂಗಣ, 2017ರ ಜುಲೈ. ಮಹಿಳೆಯರ ಏಷ್ಯಾ ಕಪ್, ಬಿ ಡಿವಿಷನ್ ಫೈನಲ್. ಭಾರತ 75, ಕಜಕಿಸ್ತಾನ 73. ಗೆದ್ದವರು ಎ ಡಿವಿಷನ್‌ಗೆ. ನಮ್ಮ ರಾಜ್ಯದ ನವನೀತಾ, ಬಾಂಧವ್ಯ ಆ ತಂಡದಲ್ಲಿದ್ದರು. ಆಟ ಮುಗಿದ ಮೇಲೆ ನಾವೆಲ್ಲ ಎದ್ದು ಕುಣಿದೆವು. ಆಮೇಲೆ ನಾನು ಆ ಕಡೆ ನೋಡಿದೆ. ಕಜಕಿಸ್ತಾನದ ಹುಡುಗಿಯರು ಬೆಂಚ್ ಹತ್ರ ನಿಂತಿದ್ದರು. ಅಷ್ಟು ದೂರದಿಂದ ಬಂದು, ಇಡೀ ಕ್ರೀಡಾಂಗಣ ಎದುರಾಳಿಗೆ ಕೂಗ್ತಾ ಇರೋವಾಗ, ಒಂದು ಬುಟ್ಟಿ ಅಂತರಕ್ಕೆ ಆಟ ತಂದು ನಿಲ್ಲಿಸಿದವರು. ಅವರ ಊರಿನಲ್ಲಿ ಅವರ ಬಗ್ಗೆ ಯಾರು ಏನು ಹೇಳಿದರೋ. ಈ ಸಲ ಕೋಲಾರದಿಂದ ನಮ್ಮ ಮಕ್ಕಳನ್ನ ಕರಕೊಂಡು ವಾಪಸ್ ಬರೋವಾಗ ಟೆಂಪೋದಲ್ಲಿ ನನಗೆ ಅದೇ ಯೋಚನೆ.

— ವಾಪಸ್ ಬರೋವಾಗ ಹುಡುಗಿಯರು ಹೇಗಿದ್ದರು?

— ವೇಮಗಲ್‌ವರೆಗೂ ಒಬ್ಬರೂ ಮಾತಾಡಲಿಲ್ಲ. ಎಚ್. ಕ್ರಾಸಲ್ಲಿ ಟೀ ಕುಡಿಯೋಕೆ ನಿಲ್ಲಿಸಿದಾಗ ಆಚೆ ಕೂತ ಗಾರ್ಡ್ ಹುಡುಗಿ ಅಳೋಕೆ ಶುರು ಮಾಡಿದಳು, ನಾನು ಫೌಲ್ ಮಾಡದಿದ್ದರೆ ಅಂತ. ಏಳನೇ ನಂಬರಿನವಳು ಅವಳನ್ನ ಸಮಾಧಾನ ಮಾಡ್ತಾ ಇದ್ದಳು. ಕೊನೇ ಚೆಂಡು ಕಳೆದವಳೇ ಇನ್ನೊಬ್ಬಳನ್ನ ಸಮಾಧಾನ ಮಾಡ್ತಾ ಇದ್ದಳು ಕಣಮ್ಮ. ಅವಳಿಗೆ ಯಾರು ಮಾಡ್ಬೇಕು?

— ಯೂನಿವರ್ಸಿಟಿ ಟೀಮಿಗೆ ಅವಳನ್ನ ತಗೊಳ್ಳಲ್ವಾ ಈಗ?

— ಅದೇ ನನ್ನ ಹೊಟ್ಟೆಯೊಳಗಿನ ಸಂಕಟ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ 2017ರಲ್ಲಿ ಬೇರೆಯಾಗಿ ಶುರುವಾದ ಮೇಲೆ ನಮ್ಮ ಮಕ್ಕಳಿಗೂ ಒಂದು ದಾರಿ ಇದೆ. ಕಾಲೇಜುಗಳ ಮಧ್ಯೆ ಆಡಿಸ್ತಾರೆ, ಅದರಲ್ಲಿ ಚೆನ್ನಾಗಿ ಆಡಿದವರನ್ನ ಆರಿಸಿ ವಿಶ್ವವಿದ್ಯಾಲಯದ ತಂಡ ಮಾಡ್ತಾರೆ, ಆ ತಂಡ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಮೆಂಟಿಗೆ ಹೋಗುತ್ತೆ. ಅಲ್ಲಿ ಕಣ್ಣಿಗೆ ಬಿದ್ದರೆ ರೈಲ್ವೆಯ ಕ್ರೀಡಾ ಕೋಟಾ ಇದೆ. ಹೆಂಗಸರ ಬ್ಯಾಸ್ಕೆಟ್‌ಬಾಲಲ್ಲಿ ರೈಲ್ವೆ ತಂಡ ದೇಶಕ್ಕೇ ದೊಡ್ಡದು, ಆಡೋ ಹುಡುಗಿಗೆ ಕೆಲಸ ಅಂದರೆ ಮೊದಲು ನೆನಪಾಗೋದೇ ಅದು. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಆಡ್ತಾ ಆಡ್ತಾ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡದವರೆಗೆ ಹೋದಳು. ಎಲ್ಲರೂ ಅಲ್ಲಿಗೆ ಹೋಗಲ್ಲ, ಹೋಗಬೇಕಾಗೂ ಇಲ್ಲ. ಆದರೆ ನಮ್ಮವಳು ಇನ್ನೊಂದು ಮೆಟ್ಟಿಲು ಹತ್ತೋದಕ್ಕೆ ಅವಳು ಏನು ಮಾಡಿದಳು ಅನ್ನೋದು ಆರಿಸೋರಿಗೆ ಗೊತ್ತಿರಬೇಕು. ಶೀಟ್ ನೋಡಿದರೆ ಅವಳ ಹೆಸರಿನ ಮುಂದೆ ಕೆಲವು ಅಂಕ, ಮೂರು ಫೌಲ್. ಬೇರೇನೂ ಇಲ್ಲ.

— ಅವರ ಮನೆಯವರು?

— ಅವರಪ್ಪ ಪವರ್‌ಲೂಮ್ ಶೆಡ್ಡಲ್ಲಿ ಕೆಲಸ, ಅಮ್ಮ ಮನೆಯಲ್ಲಿ ಕಂಡಿಕೆ ಸುತ್ತುತ್ತಾರೆ. ಹುಡುಗಿಯೂ ಬೆಳಗ್ಗೆ ಅಮ್ಮನ ಜೊತೆ ಕೂತು ಸುತ್ತಿಯೇ ಪ್ರಾಕ್ಟೀಸಿಗೆ ಬರೋದು. ಆಟಕ್ಕೆ ಕಳಿಸೋದಕ್ಕೆ ಮುಂಚೆಯಿಂದಲೂ ಅವರಪ್ಪನಿಗೆ ಅರೆಮನಸ್ಸು. ಮಗಳಿಂದ ಟೀಮ್ ಸೋತಿತು ಅಂತ ಶೆಡ್ಡಲ್ಲಿ ಯಾರೋ ಅವನ ಎದುರೇ ಹೇಳಿದರಂತೆ. ಇನ್ನು ಸಾಕು, ಮುಂದಿನ ತಿಂಗಳಿಂದ ಆಟ ಬೇಡ ಅಂದಿದ್ದಾನೆ ಅಂತ ಮೇಡಂ ಫೋನಲ್ಲಿ ಹೇಳಿದರು.

— ಒಂದು ಚೆಂಡಿಗಾಗಿ?

— ಅವನಿಗೆ ತಲುಪಿರೋದು ಆ ಒಂದು ಚೆಂಡೇ ಅಲ್ವಾ? ತಪ್ಪು ಅವನದ್ದಲ್ಲ. ಹಗಲು ಶಿಫ್ಟ್ ಮುಗಿಸಿ ಬಂದವನು ಕೋಲಾರಕ್ಕೆ ಹೋಗಿ ಆಟ ನೋಡೋಕಾಗುತ್ತಾ? ನೋಡಿದವನು ನಾನು. ನಾನು ಬಾಯಿ ಮುಚ್ಚಿಕೊಂಡು ಇದ್ದರೆ ಆಟ ನೋಡಿ ಏನು ಮಾಡಿದ ಹಾಗಾಯಿತು? ಬರೀ ಚಪ್ಪಾಳೆ ಹೊಡೆಯೋಕೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಇವತ್ತು ಸಂಜೆ ಅವರ ಮನೆಗೆ ಹೋಗ್ತೀನಿ.

— ನಾನೂ ಬರ್ತೀನಿ. ಆದರೆ ಮಾವ, ನೀವು ಅಭಿಮಾನಿ. ಅಭಿಮಾನಿ ಹೇಳಿದ್ದನ್ನ ಅಷ್ಟಕ್ಕಷ್ಟೇ ತಗೋತಾರೆ. ನಮ್ಮ ಹುಡುಗಿ ಅಂತ ಹೊಗಳ್ತಿದ್ದಾರೆ ಅಂತ ಅಂದುಕೊಳ್ತಾರೆ.

— ಅದಕ್ಕೇ ಫ್ರೀ ಥ್ರೋ ವಿಷಯವನ್ನೂ ಹೇಳ್ತೀನಿ. ಅದರಲ್ಲಿ ಅವಳು ಕಳೆದದ್ದೂ ಇದೆ. ನಮ್ಮವಳ ಮೂರು ಸೆಕೆಂಡ್ ತಪ್ಪನ್ನ ರೆಫರಿ ಬಿಟ್ಟಿದ್ದನ್ನೂ ಹೇಳ್ತೀನಿ. ಅಷ್ಟು ಹೇಳಿದ ಮೇಲೆ ಮೂರನೇ ಕ್ವಾರ್ಟರ್ ಹೇಳಿದರೆ ನಂಬ್ತಾನೆ.

— ಮುಂದಿನ ಆಟಕ್ಕೆ ನಾನು ಬರ್ತೀನಿ, ಒಂದು ನೋಟ್‌ಬುಕ್ ತಗೊಂಡು. ಶೀಟಲ್ಲಿ ಇಲ್ಲದ್ದನ್ನೆಲ್ಲ ನಾನು ಬರೀತೀನಿ. ರಿಬೌಂಡ್‌ಗೆ ಒಂದು ಕಾಲಂ, ಪಾಸ್‌ಗೆ ಒಂದು, ಚೆಂಡು ಕಿತ್ತುಕೊಂಡಿದ್ದಕ್ಕೆ ಒಂದು.

— ಬಾಕ್ಸ್‌ಔಟ್‌ಗೂ ಒಂದು ಹಾಕು. ಅದನ್ನ ದೊಡ್ಡ ಟೂರ್ನಮೆಂಟಲ್ಲೂ ಎಲ್ಲರೂ ಬರೆಯಲ್ಲ. ಚೆಂಡು ನೋಡಬೇಡ, ಶಾಟ್ ಹೊರಟ ತಕ್ಷಣ ರಿಂಗ್ ಕೆಳಗೆ ಯಾರು ಯಾರಿಗೆ ಬೆನ್ನು ಕೊಟ್ಟರು ಅಂತ ನೋಡು. ಮೊದಮೊದಲು ಕಣ್ಣು ಚೆಂಡಿನ ಹಿಂದೆಯೇ ಹೋಗುತ್ತೆ, ನಾಲ್ಕಾರು ಆಟ ಆದ ಮೇಲೆ ಹಿಡಿತಕ್ಕೆ ಬರುತ್ತೆ. ಚಾರ್ಜಿಂಗ್‌ಗೆ ಡಿಕ್ಕಿ ತಗೊಂಡವರ ಹೆಸರಿಗೂ ಒಂದು ಕಾಲಂ ಇರಲಿ. ಯಾವ ಕ್ವಾರ್ಟರ್ ಅಂತ ಬರೆಯೋದು ಮರೀಬೇಡ. ಆಮೇಲೆ ನೀನು ಹೇಳಿದೆಯಲ್ಲ, ಬಯಲಿಂದ ಒಳಾಂಗಣಕ್ಕೆ ಹೋದವರ ಲೆಕ್ಕ, ಅದಕ್ಕೂ ಬೇಕಾಗುತ್ತೆ.

— ಆ ಲೆಕ್ಕ ಮಾಡಿ ಮೇಡಂ ಕೈಯಲ್ಲಿ ಕೊಡೋಣ. ಆರಿಸೋರ ಮುಂದೆ ಇಡೋಕೆ ಒಂದು ಕಾಗದ ಆದರೂ ಇರುತ್ತೆ. ಬೋರ್ಡ್ ಕೇಳೋದಕ್ಕೂ.

— ಕೊಡೋಣ.

— ಇವತ್ತು ಸಂಜೆ ಅವರಪ್ಪ ಕೊನೇ ಚೆಂಡಿನ ವಿಷಯ ಎತ್ತಿದರೆ?

— ಎತ್ತೇ ಎತ್ತುತ್ತಾನೆ, ಎತ್ತಲಿ. ಅದನ್ನ ಮುಚ್ಚಿಡೋದು ಬೇಡ. ಎಡಗಡೆಯಿಂದ ಹೋದಾಗ ಎಡಗೈಯಲ್ಲಿ ಹಾಕಬೇಕಿತ್ತು, ಬಲಗೈಯಲ್ಲಿ ಹಾಕಿದಳು. ಚೆಂಡು ಗಾಜಿಗೆ ಜೋರಾಗಿ ತಾಗಿತು. ಎಡಗೈ ಲೇ-ಅಪ್ ಅಭ್ಯಾಸ ಬೇಕು ಅವಳಿಗೆ, ಅದನ್ನ ಅವಳೇ ಟೆಂಪೋದಲ್ಲಿ ಹೇಳಿದಳು. ಇಬ್ಬರನ್ನ ದಾಟಿ ಅಲ್ಲಿಗೆ ಮುಟ್ಟಿದ್ದು ಹೇಗೆ ಅಂತ ಅವನಿಗೆ ನಾನು ಕೈ ಮಾಡಿ ತೋರಿಸ್ತೀನಿ. ಏಳು ಗಂಟೆಗೆ ಶಿಫ್ಟ್ ಬಿಡುತ್ತೆ, ಮನೆ ಸೇರೋಕೆ ಇನ್ನೊಂದು ಕಾಲು ಗಂಟೆ. ಊಟಕ್ಕೆ ಕೂರೋಕೆ ಮುಂಚೆ ಹೋಗಿಬಿಡಬೇಕು, ರೆಡಿಯಾಗು.